ಬೆನಗಲ್ ರಾಮರಾವ್
ಬೆನಗಲ್ ರಾಮರಾವ್ (1889–1969): ಭಾರತೀಯ ರಿಸರ್ವ್ ಬ್ಯಾಂಕಿನ ನಾಲ್ಕನೆಯ ಗವರ್ನರ್. ಮಂಗಳೂರಿನ ಚಿತ್ರಾಪುರ ಸಾರಸ್ವತ ಮನೆತನದವರು. ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗರಾಯರು ಇವರ ಅಣ್ಣ, ಪತ್ರಕರ್ತ ಬಿ. ಶಿವರಾಯರು ತಮ್ಮ. ಕುಟುಂಬ ಯೋಜನಾ ಚಳವಳಿಯ ಮುಂದಾಳು, ಹುಬ್ಬಳ್ಳಿಯ ಧನವಂತಿ ಇವರ ಪತ್ನಿ. ಇಂಗ್ಲಿಷ್ ಲೇಖಕಿ ಶಾಂತಾ ರಾಮರಾವ್ ಮಗಳು.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜು, ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜುಗಳಲ್ಲಿ ಓದಿ ಐ.ಸಿ.ಎಸ್. ಸೇರಿದರು. ಲಂಡನ್ನಿನಲ್ಲಿ ಉಪ ಹೈಕಮಿಷನರ್, ದಕ್ಷಿಣ ಆಫ್ರಿಕದಲ್ಲಿ ಹೈಕಮಿಷನರ್, ಮುಂಬಯಿ ಬಂದರು ಮಂಡಲಿಯ ಅಧ್ಯಕ್ಷ, ಜಪಾನ್ ಮತ್ತು ಅಮೆರಿಕದಲ್ಲಿ ಭಾರತದ ಪ್ರತಿನಿಧಿ, ಹೀಗೆ ಹಲವು ಹುದ್ದೆಗಳನ್ನು ದಾಟಿ 1949ರ ಜುಲೈ 1ರಂದು ಗವರ್ನರ್ ಆದರು. ರಿಸರ್ವ್ ಬ್ಯಾಂಕ್ ರಾಷ್ಟ್ರೀಕರಣಗೊಂಡು ಆಗಿನ್ನೂ ಆರು ತಿಂಗಳು. ಬ್ಯಾಂಕುಗಳಿಗೆ ಲೈಸೆನ್ಸ್ ಕೊಡುವ, ಅವುಗಳ ಲೆಕ್ಕಪತ್ರ ತಪಾಸಣೆ ಮಾಡುವ ಅಧಿಕಾರವೂ ಅದೇ ವರ್ಷದ ಬ್ಯಾಂಕಿಂಗ್ ಕಾಯಿದೆಯಿಂದ ಬಂದಿತ್ತು. ಬ್ಯಾಂಕುಗಳ ತವರೆನಿಸಿದ ಮಂಗಳೂರು ಸೀಮೆಯವರಿಗೇ ಆ ಕಾಯಿದೆಯನ್ನು ಜಾರಿಗೆ ತರುವ ಹೊಣೆ ಬಿತ್ತು.

ಗ್ರಾಮೀಣ ಸಾಲದ ಸಮೀಕ್ಷೆ ನಡೆದದ್ದೂ, ಅದರ ಶಿಫಾರಸಿನಂತೆ 1955ರಲ್ಲಿ ಇಂಪೀರಿಯಲ್ ಬ್ಯಾಂಕ್ ಸ್ಟೇಟ್ ಬ್ಯಾಂಕ್ ಆದದ್ದೂ ಇವರ ಕಾಲದಲ್ಲೇ. ಆದರೆ ಇವರ ಹೆಸರು ಹೆಚ್ಚಾಗಿ ನೆನಪಾಗುವುದು ರಾಜೀನಾಮೆಯಿಂದ.

1952ರಲ್ಲಿ ಇವರು ಜಾರಿಗೆ ತಂದ ಹುಂಡಿ ಮಾರುಕಟ್ಟೆ ಯೋಜನೆಯಂತೆ, ಬ್ಯಾಂಕುಗಳು ವರ್ತಕರ ಸಾಲವನ್ನು ಮುದ್ದತು ಪತ್ರಗಳನ್ನಾಗಿ (ಗೊತ್ತಾದ ಅವಧಿಯ ನಂತರ ಹಣ ತೀರಿಸುವ ವಾಗ್ದಾನ ಪತ್ರಗಳು) ಮಾಡಿ, ರಿಸರ್ವ್ ಬ್ಯಾಂಕಿನಲ್ಲಿ ಒತ್ತೆಯಿಟ್ಟು ಹಣ ಪಡೆಯುತ್ತಿದ್ದವು. ಪತ್ರಕ್ಕೆ ಸ್ಟಾಂಪು ಬೇಕು. ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ 1956ರ ಕೊನೆಯಲ್ಲಿ ಈ ಸ್ಟಾಂಪು ಸುಂಕವನ್ನೇ ಏರಿಸಿದರು. ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ, ಅಂದರೆ ಬ್ಯಾಂಕ್ ದರ, ಶೇ. 3.5ರಲ್ಲೇ ಇದ್ದರೂ ಸಾಲ ವಾಸ್ತವವಾಗಿ ತುಟ್ಟಿಯಾಯಿತು. ಬಡ್ಡಿಯ ನಿರ್ಧಾರ ಹಿಂಬಾಗಿಲಿನಿಂದ ಸರಕಾರದ ಕೈಗೆ ಹೋಯಿತೆಂಬುದು ರಾಯರ ಆಕ್ಷೇಪ. ರಿಸರ್ವ್ ಬ್ಯಾಂಕ್ ತಮ್ಮ ಸಚಿವಾಲಯದ ಒಂದು ವಿಭಾಗ ಮಾತ್ರ ಎಂಬ ಧಾಟಿ ಸಚಿವರದು. ಪ್ರಧಾನಿ ನೆಹರೂ ಸಚಿವರ ಪಕ್ಷ ವಹಿಸಿದರು. 1957ರ ಜನವರಿ 14ರಂದು ರಾಯರು ಹುದ್ದೆ ಬಿಟ್ಟರು.

ಏಳೂವರೆ ವರ್ಷದ ಇವರ ಅಧಿಕಾರಾವಧಿ ಗವರ್ನರುಗಳಲ್ಲೇ ದೀರ್ಘವಾದುದು. ಜಗಳದಲ್ಲಿ ಸೋತರೂ ವಾದದಲ್ಲಿ ಸೋತರೆನ್ನಲಾಗದು: ಅದೇ ವರ್ಷದ ಮೇ ತಿಂಗಳಲ್ಲಿ ಬ್ಯಾಂಕ್ ದರವನ್ನು ಶೇ. 4ಕ್ಕೆ ಏರಿಸಿ, ಸ್ಟಾಂಪು ಸುಂಕವನ್ನು ಇಳಿಸಲಾಯಿತು.