ಬೆಲ್ಟ್ ಫ್ಯಾನಿಂದ ಕರೆಂಟ್ ಫ್ಯಾನಿಗೆ (ನಮ್ಮ ಪಿ.ಬಿ. ರೋಡ್ ಸರಣಿ, ಭಾಗ 7)

ಹಳೇ ಡ್ರೈವರ್ ಯಾರಾದ್ರೂ ಪರಿಚಯ ಇದ್ರ ಒಂದ್ ಮಾತು ಕೇಳ್ರಿ: "ಅಜ್ಜಾರ, ವಂಟಮುರಿ ಘಾಟ್ ಏರೂ ಮುಂದ ಗಾಡಿಯೊಳಗ ನೀರಿನ ಕ್ಯಾನ್ ಯಾಕ ಇಟ್ಕೊಂತಿದ್ರಿ?" ಕುಡಿಯಾಕ ಅಲ್ಲ, ರೇಡಿಯೇಟರ್‌ಗೆ. ಲಾರಿ, ಅಂಬಾಸಿಡರ್ ಕಾರು ಕಾದು, ಬಾನೆಟ್ ಎತ್ತಿಕೊಂಡು ಉಗಿ ಬಿಡ್ತಾ ಘಾಟಿನ ಬದಿಗೆ ನಿಲ್ಲೋದು ನಮ್ಮ ಪೂನಾ-ಬೆಂಗಳೂರು ರಸ್ತೆಯ ಮಾಮೂಲಿ ನೋಟ ಆಗಿತ್ತು. (ಮೊದಲು ಎನ್‌ಎಚ್ 4, ಈಗ 48. ಊರಾಗ ಮಾತ್ರ ಇನ್ನೂ ಪಿ.ಬಿ. ರೋಡ್.)

ಇದು ನಮ್ಮ ಘಾಟಿಗಷ್ಟ ಬಂದ ತ್ರಾಸ ಅಲ್ಲ. 1888ರ ಆಗಸ್ಟ್‌ನಲ್ಲಿ ಜರ್ಮನಿಯ ಬರ್ತಾ ಬೆಂಜ್ ತನ್ನ ಇಬ್ಬರು ಗಂಡುಮಕ್ಕಳನ್ನ ಕೂಡ್ರಿಸಿಕೊಂಡು, ಗಂಡ ಕಾರ್ಲ್ ಬೆಂಜ್ ಮಾಡಿದ ಮೂರು ಗಾಲಿ ಕಾರನ್ನ ಮ್ಯಾನ್‌ಹೈಮ್‌ನಿಂದ ಫೋರ್ಜ್‌ಹೈಮ್‌ವರೆಗೆ ಸುಮಾರು 100 ಕಿಲೋಮೀಟರ್ ಓಡಿಸಿಕೊಂಡು ಹೋದಳು. ಕಾರಿನ ಇತಿಹಾಸದ ಮೊದಲ ದೂರದ ಪ್ರಯಾಣ ಅದು. ಆ ಇಂಜಿನ್ ತಣ್ಣಗಾಗುತ್ತಿದ್ದದ್ದು ನೀರು ಕುದ್ದು ಆವಿಯಾಗಿ ಹೋಗೋದರಿಂದ. ಹಿಂಗಾಗಿ ದಾರಿಯಲ್ಲಿ ನೀರು ಸಿಕ್ಕಲ್ಲೆಲ್ಲ ನಿಂತು ತುಂಬಿಸಬೇಕಾತು. ನಮ್ಮ ಡ್ರೈವರ್ ಅಜ್ಜಂದೂ ಬರ್ತಾಬಾಯಿದೂ ಕಥಿ ಒಂದ.

ಯಾಕ ಇಷ್ಟು ಕಾಯತೈತಿ? ಸುಟ್ಟ ಎಣ್ಣೆಯ ಶಕ್ತಿಯಲ್ಲಿ ಗಾಲಿಗೆ ಹೋಗೋದು ಸುಮಾರು ಮೂರನೇ ಒಂದು ಪಾಲು ಅಷ್ಟ. ಒಂದು ಪಾಲು ಸೈಲೆನ್ಸರ್‌ದಾಗ ಹೋಗತೈತಿ, ಉಳಿದ ಪಾಲು ಹೆಚ್ಚುಕಮ್ಮಿ ಇಂಜಿನ್ ಸುತ್ತಲಿನ ನೀರಿಗೆ. ಆ ಬಿಸಿ ಹೊರಗ ಹಾಕಾಕ ವಿಲ್ಹೆಲ್ಮ್ ಮೇಬ್ಯಾಕ್ ಅನ್ನೋ ಇಂಜಿನಿಯರ್ 1900–01ರ ಮರ್ಸಿಡಿಸ್ ಕಾರಿಗೆ ಜೇನುಗೂಡಿನಂಥ ರೇಡಿಯೇಟರ್ ಮಾಡಿದ. 8,070 ಸಣ್ಣ ಸಣ್ಣ ಚೌಕ ಕೊಳವೆ, ಹಿಂದ ಗಾಳಿ ಎಳೀಲಿಕ್ಕೆ ಒಂದು ಫ್ಯಾನ್. ಇವತ್ತಿನ ರೇಡಿಯೇಟರಿನ ಮೂಲ ಲೆಕ್ಕ ಇದ.

ಆದರ ಆ ಫ್ಯಾನ್ ತಿರುಗಿಸೋರು ಯಾರು? ಇಂಜಿನ್ನೇ. ಪುಲ್ಲಿ, ಬೆಲ್ಟ್, ಫ್ಯಾನ್. 1908ರ ಫೋರ್ಡ್ ಮಾಡೆಲ್ ಟಿಯಿಂದ ನಮ್ಮ ಅಂಬಾಸಿಡರ್‌ವರೆಗೆ ಇದ ಪದ್ಧತಿ. ಸರಳ, ಕೆಟ್ಟರ ರಸ್ತಾದಾಗ ಬೆಲ್ಟ್ ಬದಲಿಸಬಹುದು. ತೊಂದರೆ ಏನಂದ್ರ ಫ್ಯಾನಿನ ವೇಗ ಇಂಜಿನ್ ವೇಗಕ್ಕ ಕಟ್ಟಿಬಿಟ್ಟಿರತೈತಿ. ಹೈವೇದಾಗ 80ರಾಗ ಹೋಗುವಾಗ ಎದುರು ಗಾಳಿ ತಾನ ಬರತೈತಿ, ಆಗ ಫ್ಯಾನ್ ಬೇಕಾಗಿಲ್ಲ, ಆದರೂ ಗರಗರ ತಿರಗತೈತಿ. ಕಬ್ಬಿನ ಸೀಸನ್ನಿನ್ಯಾಗ ನಮ್ಮೂರ ಮಲಪ್ರಭಾ ಸಕ್ಕರಿ ಕಾರ್ಖಾನೆ ಹತ್ರ ಸಾಲಿನಾಗ ಸಿಕ್ಕೊಂಡಾಗ ಇಂಜಿನ್ ಸ್ಲೋ, ಎದುರು ಗಾಳಿ ಇಲ್ಲ. ಆವಾಗ ಫ್ಯಾನೂ ಸ್ಲೋ. ನಾವು ಕಾಸ್ಟ್ ಅಕೌಂಟಿಂಗ್ ಓದಿದವರು ಹೇಳೋದಾದ್ರ: ಕೆಲಸ ಇಲ್ಲದಾಗ ಪೂರ್ತಿ ಪಗಾರ, ಕೆಲಸ ಇದ್ದಾಗ ಅರ್ಧ ರಜಾ.

ಹಂಗಾದ್ರ ಮೊದಲ ಕರೆಂಟ್ ಫ್ಯಾನ್ ಯಾಕ ಹಾಕಲಿಲ್ಲ? ನನಗ ಈ ಭಾಗದಾಗ ಭಾಳ ಸೇರಿದ ವಿಷಯ ಇದ. ಹಳೇ ಗಾಡಿಗಳಲ್ಲಿ ಬ್ಯಾಟರಿ ಚಾರ್ಜ್ ಮಾಡೋದು ಡೈನಮೋ. ಇಂಜಿನ್ ನಿಧಾನ ಇದ್ದಾಗ ಡೈನಮೋ ಕೊಡೋ ಕರೆಂಟ್ ಬಲು ಕಡಿಮಿ. ಫ್ಯಾನ್ ಬೇಕಾಗೋದು ಅವಾಗಲೇ! 1960ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ತನ್ನ ವೇಲಿಯಂಟ್ ಕಾರಿಗೆ ಆಲ್ಟರ್ನೇಟರ್ ಕೂಡ್ರಿಸಿತು. ಸ್ಲೋದಾಗೂ ಚಾರ್ಜ್ ಬರಾಕ ಹತ್ತಿತು. ಆಮೇಲೆ 1973ರ ತೈಲ ಬಿಕ್ಕಟ್ಟು ಬಂತು, ಹನಿ ಹನಿ ಪೆಟ್ರೋಲಿಗೆ ಲೆಕ್ಕ ಶುರುವಾತು. ಇಂಜಿನ್ ಅಡ್ಡ ಇಟ್ಟು ಮುಂದಿನ ಗಾಲಿ ತಿರುಗಿಸೋ ಸಣ್ಣ ಕಾರುಗಳು ಹೆಚ್ಚಾದವು. ಇಂಜಿನ್ ಅಡ್ಡ ಆದ್ರ ಪುಲ್ಲಿ ಮುಖ ಪಕ್ಕಕ್ಕ ತಿರಗತೈತಿ, ಮುಂದಿರೋ ರೇಡಿಯೇಟರ್‌ಗೆ ಬೆಲ್ಟ್ ಮುಟ್ಟಿಸೋದು ತ್ರಾಸ. ಸಣ್ಣ ಮೋಟರ್ ಇಟ್ಟು ವೈರ್ ಎಳೆದರ ಮುಗೀತು.

ನಮ್ಮ ದೇಶದ ಓಣಿ ಓಣಿಗೆ ಈ ಫ್ಯಾನ್ ತಂದದ್ದು ಮಾರುತಿ 800. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಕೀಲಿ ಕೊಟ್ಟರು. 796 ಸಿಸಿ, ಅಡ್ಡ ಇಟ್ಟ ಇಂಜಿನ್, ಕರೆಂಟ್ ಫ್ಯಾನ್. ಸಿಗ್ನಲ್‌ನಾಗ ನಿಂತಾಗ "ಟಕ್" ಅಂದು ಫ್ಯಾನ್ ತಾನ ಶುರುವಾಗೋದು ಅಂಬಾಸಿಡರ್ ಮಂದಿಗೆ ಹೊಸಾದು.

ಆ "ಟಕ್" ಸಪ್ಪಳದ ಇತಿಹಾಸ ಕಾರಿಗಿಂತ ಹಳೇದು. ಅದು ರಿಲೇ. ಅಮೆರಿಕದ ಜೋಸೆಫ್ ಹೆನ್ರಿ 1835ರಲ್ಲಿ ಮಾಡಿ ತೋರಿಸಿದ್ದು, ಮುಂದ ತಂತಿ ಟಪಾಲಿಗೆ ಆಧಾರ ಆದದ್ದು. ಸಣ್ಣ ಕರೆಂಟ್ ಒಂದು ಅಯಸ್ಕಾಂತ ಎಳೀತೈತಿ, ಅಯಸ್ಕಾಂತ ದೊಡ್ಡ ಕರೆಂಟಿನ ಬಾಗಿಲು ತಗೀತೈತಿ. ಮೂರನೇ ಫೋಟೋ ಝೂಮ್ ಮಾಡ್ರಿ, ರಿಲೇ ಕಾಲಿನ ಹತ್ರ 30, 85, 86, 87 ಅಂತ ಐತಿ. ಇವು ಜರ್ಮನಿಯ ಡಿಐಎನ್ 72552 ಅನ್ನೋ ಮಾನಕದ ನಂಬರ್. 30ಕ್ಕ ಬ್ಯಾಟರಿ ಪ್ಲಸ್, 87ರಿಂದ ಫ್ಯಾನಿಗೆ, 85 ಮತ್ತು 86 ಅಯಸ್ಕಾಂತದ ಸುರುಳಿಗೆ. ಇಂಗ್ಲಿಷ್ ಬರಲಿ ಬಿಡಲಿ, ಯಾವ ಊರಿನ ವೈರಿಂಗ್ ಮಿಸ್ತ್ರಿಗೂ ಈ ನಾಕು ನಂಬರ್ ಬಾಯಿಪಾಠ.

ಇದನ್ನೆಲ್ಲ ಯಾಕ ಓದಿದೆ ಅಂದ್ರ, ನಮ್ಮ ಕಾಕಾ ತನ್ನ ಪಿಕಪ್‌ಗೆ ಕರೆಂಟ್ ಫ್ಯಾನ್ ಹಾಕಸಬೇಕು ಅಂತಾನ. ಬೆಳಗಾವಿಗೆ ಕಾಯಿಪಲ್ಯ ಒಯ್ಯೋ ಗಾಡಿ, ಕಂತು ಇನ್ನೂ ಮುಗದಿಲ್ಲ. ಕಾದು ಹೆಡ್ ಗ್ಯಾಸ್ಕೆಟ್ ಹೋದ್ರ ಗಾಡಿ ನಿಲ್ತೈತಿ, ಕಂತು ನಿಲ್ಲಂಗಿಲ್ಲ. ಬೆಲ್ಟ್ ಫ್ಯಾನ್ ಕಿತ್ತು ಹಾಕೋಣ, ಡೀಸೆಲ್ ಉಳೀತೈತಿ ಅನ್ನೋದು ಅವನ ವಾದ. ನಾ ಒಪ್ಪಲಿಲ್ಲ. ಕಾರಿಂದ ಬಿಚ್ಚಿದ 120 ವ್ಯಾಟ್ ಫ್ಯಾನ್ 12 ವೋಲ್ಟಿನ್ಯಾಗ 10 ಆಂಪಿಯರ್ ಎಳೀತೈತಿ, ಶುರುವಾಗೂ ಮುಂದ ಇನ್ನೂ ಜಾಸ್ತಿ. ಅಷ್ಟು ಎಳೆದರೂ ಅದು ಸಣ್ಣ ಕಾರಿನ ಬಿಸಿಗೆ ಮಾಡಿದ ಫ್ಯಾನ್. ಲೋಡ್ ಹೇರಿಕೊಂಡು ಏರು ಹತ್ತೋ ಡೀಸೆಲ್ ಇಂಜಿನ್ನಿಗೆ ಸಾಲಂಗಿಲ್ಲ. ದೊಡ್ಡ ಲಾರಿ, ಟ್ರ್ಯಾಕ್ಟರ್ ಇವತ್ತಿಗೂ ಇಂಜಿನ್ ಬಲದ ಫ್ಯಾನ್ ಬಿಟ್ಟಿಲ್ಲ, ಸುಮ್ಮನ ಅಲ್ಲ. ಬೆಲ್ಟ್ ಫ್ಯಾನ್ ಇರಲಿ, ಸಾಲಿನಾಗ ನಿಂತಾಗಿನ ಸಲುವಾಗಿ ಮುಂದ ಒಂದು ಸಣ್ಣ ಫ್ಯಾನ್ ಕೂಡ್ರಸೋಣ ಅಂದೆ. ಅದಕ್ಕೂ ಮೊದಲ ರೇಡಿಯೇಟರ್ ಜಾಲರಿಯಾಗ ಸಿಕ್ಕ ಧೂಳು, ಹೊಟ್ಟು ತೊಳಸು ಅಂದೆ. ತೊಳಸ್ಯಾನ. ಉಳಿದದ್ದು ಇನ್ನೂ ಜಗಳದಾಗ ಐತಿ.

ನಿಮ್ಮ ಮನ್ಯಾಗ ಯಾರಾದ್ರೂ ಹಾಕಸೋರಿದ್ರ ಇಷ್ಟು ನೋಡ್ರಿ. ಫ್ಯಾನಿನ ವೈರ್ ಸೀದಾ ಡ್ಯಾಶ್‌ಬೋರ್ಡ್ ಸ್ವಿಚ್ಚಿಗೆ ಎಳೀಬ್ಯಾಡ್ರಿ, ಸ್ವಿಚ್ ಸುಡತೈತಿ. ನಡುವ ರಿಲೇ ಬೇಕು. ಫ್ಯೂಜ್ ಬ್ಯಾಟರಿ ಹತ್ರನ ಇರಲಿ, ದೂರ ಇದ್ರ ನಡುವಿನ ವೈರಿಗೆ ಕಾವಲಿಲ್ಲ. ಪ್ಲಸ್ ಮೈನಸ್ ಅದಲಿಬದಲಿ ಆದ್ರ ಫ್ಯಾನ್ ಉಲ್ಟಾ ತಿರುಗಿ ಎದುರು ಗಾಳಿ ಕೂಡನ ಜಗಳಾಡತೈತಿ; ಒಂದು ಹಾಳಿ ಹಿಡಿದು ಗಾಳಿ ಎತ್ತ ಹೋಗತೈತಿ ನೋಡ್ರಿ. ಮತ್ತ ಬ್ಯಾಟರಿಯಿಂದ ನೇರ ಜೋಡಿಸಿದ ಫ್ಯಾನ್ ಕೀಲಿ ತಗದ ಮ್ಯಾಲೂ ತಾನ ಶುರುವಾಗಬಹುದು. ನಿಂತೈತಿ ಅಂತ ಬೆರಳು ಹಾಕಬ್ಯಾಡ್ರಿ.

#ಎಂಕೆಹುಬ್ಬಳ್ಳಿ #ಪಿಬಿರೋಡ್ #ಗಾಡಿಇತಿಹಾಸ