ವಿರಳವಾಗಿ ಓಡುವ ಕಾರಿನಲ್ಲಿ ಎಣ್ಣೆಯ ಆಯುಸ್ಸು: ಒಂದು ವಿವೇಚನೆ

ನಮ್ಮಲ್ಲಿ ಓಡಾಡುವ ಪೆಟ್ರೋಲು ಕಾರುಗಳ ಕೈಪಿಡಿಗಳಲ್ಲಿ ಸಾಮಾನ್ಯವಾಗಿ, ಇಂಜಿನ್ ಆಯಿಲನ್ನು 10,000 ಕಿಲೋಮೀಟರು ಓಡಿದಾಗ ಅಥವಾ ಒಂದು ವರ್ಷ ತುಂಬಿದಾಗ, ಇವೆರಡರಲ್ಲಿ ಯಾವುದು ಮೊದಲೋ ಆಗ, ಬದಲಿಸತಕ್ಕದ್ದೆಂಬ ವಿಧಿಯೊಂದಿರುವುದು. ದಿನವೂ ಕಾರಿನಲ್ಲಿ ಕಚೇರಿಗೆ ಹೋಗಿಬರುವವನಿಗೆ ಈ ವಿಧಿಯ ಪೂರ್ವಾರ್ಧವೇ ಸಾಕು. ಆದರೆ ನಿವೃತ್ತರಾಗಿ ಊರಿಗೆ ಮರಳಿದವರು, ವಿದೇಶದಲ್ಲಿರುವ ಮಕ್ಕಳು ರಜೆಗೆ ಬಂದಾಗ ಬೇಕಾದೀತೆಂದು ಕಾರನ್ನಿಟ್ಟುಕೊಂಡವರು, ಪೇಟೆಗೂ ದೇವಸ್ಥಾನಕ್ಕೂ ಹೊರತು ಮತ್ತೆಲ್ಲಿಗೂ ಅದನ್ನು ಹೊರತೆಗೆಯದವರು, ಇಂಥವರ ಕಾರು ವರ್ಷಕ್ಕೆ ಒಂದು ಸಾವಿರ ಕಿಲೋಮೀಟರನ್ನೂ ಮುಟ್ಟದು. ಹತ್ತರಲ್ಲೊಂದು ಪಾಲೂ ದುಡಿಯದ ಎಣ್ಣೆಯನ್ನು ಚೆಲ್ಲುವುದೇಕೆಂದು ಅವರು ಕೇಳುವರು. ಪ್ರಶ್ನೆ ನ್ಯಾಯವಾದದ್ದು. "ವರ್ಷಕ್ಕೊಂದು ಸಲ ಬದಲಾಯಿಸಲೇಬೇಕು ಸಾರ್" ಎಂಬ ಮೆಕ್ಯಾನಿಕ್ಕನ ಉತ್ತರದಲ್ಲಿ ವಿಧಿಯಿದೆ, ಹೇತುವಿಲ್ಲ; ಹೇತುವನ್ನರಿಯದೆ ಆ ವಿಧಿ ಯಾರಿಗೆ ಎಷ್ಟರಮಟ್ಟಿಗೆ ಅನ್ವಯಿಸುವುದೆಂದು ನಿರ್ಣಯಿಸಲಾಗದು.

ಮೊದಲು ಕಾಲವನ್ನೇ ವಿಚಾರಣೆಗೆ ತೆಗೆದುಕೊಳ್ಳೋಣ. ಎಣ್ಣೆ ಇಟ್ಟಲ್ಲಿಯೇ ಹಳಸುವುದೆ? ಮುಚ್ಚಳ ತೆರೆಯದ ಡಬ್ಬಿಯಲ್ಲಿ ಅದು ಹಲವು ವರ್ಷ ಕೆಡದೆ ಉಳಿಯುವುದು. ಎಣ್ಣೆಯನ್ನು ಕೆಡಿಸುವ ಕ್ರಿಯೆಗಳಲ್ಲಿ ಮುಖ್ಯವಾದ ಉತ್ಕರ್ಷಣದ ವೇಗವು ಉಷ್ಣತೆ ಹತ್ತು ಡಿಗ್ರಿ ಸೆಲ್ಸಿಯಸ್ ಏರಿದಂತೆಲ್ಲ ಸ್ಥೂಲವಾಗಿ ಇಮ್ಮಡಿಯಾಗುವುದೆಂಬುದು ರಸಾಯನಶಾಸ್ತ್ರದ ಪರಿಚಿತ ಅಂದಾಜು; ಈ ಲೆಕ್ಕದಂತೆ, 100 ಡಿಗ್ರಿಯಲ್ಲಿ ದುಡಿಯುವ ಎಣ್ಣೆಯೊಡನೆ ಹೋಲಿಸಿದರೆ 30 ಡಿಗ್ರಿಯ ಶೆಡ್ಡಿನಲ್ಲಿ ಸುಮ್ಮನಿರುವ ಎಣ್ಣೆ ನೂರು ಪಾಲಿಗಿಂತಲೂ ನಿಧಾನವಾಗಿ ಕೆಡುವುದು. ಆದಕಾರಣ ಪಂಚಾಂಗ ಬದಲಾದ ಮಾತ್ರಕ್ಕೆ ಎಣ್ಣೆ ಕೆಟ್ಟಿತೆನ್ನಲಾಗದು. ಬೇರೊಂದು ಕಾರಣ ಬೇಕು. ಆ ಕಾರಣವು ನಿಂತೇ ಇರುವ ಕಾರಿಗಿಂತ ಆಗಾಗ ಸ್ವಲ್ಪವೇ ಓಡುವ ಕಾರಿನಲ್ಲಿ ಪ್ರಬಲವಾಗಿರುವುದೆಂಬುದೇ ಈ ಲೇಖನದ ಪ್ರತಿಪಾದ್ಯ.

ಆ ಕಾರಣ ನೀರು. ಪೆಟ್ರೋಲಿನ ಪ್ರತಿನಿಧಿಯಾಗಿ ಆಕ್ಟೇನನ್ನು ಹಿಡಿದರೆ, ಅದರ 114 ಗ್ರಾಂ ಪೂರ್ಣವಾಗಿ ಉರಿದಾಗ 162 ಗ್ರಾಂ ನೀರು ಹುಟ್ಟುವುದು. ಅಂದರೆ ಒಂದು ಲೀಟರು ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ನೀರು ಆವಿಯಾಗಿ ಹೊರಡುವುದು. ಇದರ ಬಹುಭಾಗ ಸೈಲೆನ್ಸರಿನಿಂದ ಹೊರಬೀಳುವುದಾದರೂ, ಪಿಸ್ಟನ್ನಿನ ರಿಂಗುಗಳ ಸಂದಿಯಿಂದ ಒಂದಿಷ್ಟು ಅನಿಲ ಕೆಳಗಿನ ಎಣ್ಣೆ ಚೇಂಬರಿಗೆ ನುಸುಳುವುದನ್ನು ಯಾವ ಇಂಜಿನ್ನಿನಲ್ಲಿಯೂ ಸಂಪೂರ್ಣವಾಗಿ ತಡೆಯಲಾಗದು. ಇಂಜಿನ್ ಚೆನ್ನಾಗಿ ಕಾದಿದ್ದರೆ ಈ ಆವಿ ಗಾಳಿಕೊಳವೆಯ ಮೂಲಕ ಮರಳಿ ಸಿಲಿಂಡರನ್ನು ಸೇರಿ ಹೊರಹೋಗುವುದು. ಕಾಯದಿದ್ದರೆ ತಣ್ಣನೆಯ ಲೋಹಕ್ಕೆ ತಗುಲಿ ಹನಿಗಟ್ಟಿ ಎಣ್ಣೆಗೆ ಬೀಳುವುದು. ಇದರೊಡನೆ, ತಣ್ಣಗಿರುವ ಇಂಜಿನ್ನಿಗೆ ಪೆಟ್ರೋಲು ಹೆಚ್ಚು ಬೇಕಾಗುವುದರಿಂದ, ಉರಿಯದೆ ಉಳಿದ ಅಂಶ ಸಿಲಿಂಡರಿನ ಗೋಡೆಗುಂಟ ಇಳಿದು ಎಣ್ಣೆಯನ್ನು ತೆಳ್ಳಗಾಗಿಸುವುದು. ಶಾಖ ತೋರಿಸುವ ಮುಳ್ಳು ನಡುವಿಗೆ ಬಂದೊಡನೆ ಎಲ್ಲವೂ ಕಾಯಿತೆಂದು ಭಾವಿಸಬಾರದು: ಅದು ಕೂಲಂಟಿನ ಶಾಖ, ಎಣ್ಣೆ ಕಾಯುವುದು ಅದಕ್ಕಿಂತ ತಡವಾಗಿ, ಹದಿನೈದಿಪ್ಪತ್ತು ನಿಮಿಷದ ಓಟವಾದ ಮೇಲೆ.

ತೀರ್ಥಹಳ್ಳಿಯ ಹತ್ತಿರ ನಮ್ಮ ಬಂಧುಗಳೊಬ್ಬರ ಮನೆಯಲ್ಲಿ, ಆಷಾಢದ ಮಳೆ ಹಿಡಿದು ಬಾರಿಸುತ್ತಿದ್ದ ಒಂದು ದಿನ, ಅವರ ಕಾರಿನ ಬಾನೆಟ್ಟನ್ನೆತ್ತಿ ಎಣ್ಣೆ ತುಂಬುವ ಮುಚ್ಚಳವನ್ನು ತಿರುಗಿಸಿ ನೋಡಿದೆನು. ಒಳಮೈಗೆ ಹಾಲುಕಾಫಿಯ ಬಣ್ಣದ, ಆಗತಾನೆ ಕಡೆದ ಬೆಣ್ಣೆಯಷ್ಟೇ ಮೆದುವಾದ ನೊರೆ ಅಂಟಿತ್ತು. ಬೆರಳಿನಿಂದ ಬಳಿದು ಉಜ್ಜಿದರೆ ನೀರೊಡೆಯಿತು. ಡಿಪ್‌ಸ್ಟಿಕ್ಕಿನ ತುದಿಯ ಎಣ್ಣೆ ಮಾತ್ರ ಜೇನಿನ ಬಣ್ಣವನ್ನು ಇನ್ನೂ ಬಿಟ್ಟಿರಲಿಲ್ಲ. ಹೆಡ್ ಗ್ಯಾಸ್ಕೆಟ್ ಹೋಗಿ ಕೂಲಂಟು ಎಣ್ಣೆಗೆ ಸೇರುತ್ತಿದೆಯೆಂದು ಅವರು ಅಂಜಿದ್ದರು. ಆದರೆ ಕೂಲಂಟಿನ ಮಟ್ಟ ತಿಂಗಳುಗಳಿಂದ ಇಳಿದಿರಲಿಲ್ಲ. ಮೂರು ಕಿಲೋಮೀಟರು ದೂರದ ಪೇಟೆಗೆ ಹೋಗುವುದು, ಬರುವುದು: ಅಷ್ಟೇ ಆ ಕಾರಿನ ಮಳೆಗಾಲದ ಚರಿತ್ರೆ. ಶಿವಮೊಗ್ಗದವರೆಗೆ ಎರಡು ಸಲ ಹೋಗಿಬಂದ ಮೇಲೆ ಮುಚ್ಚಳದ ಒಳಮೈ ಒಣಗಿ ಸ್ವಚ್ಛವಾಯಿತು.

ನೀರು ಹೋದರೂ ಅದು ಮಾಡಿದ ಕೆಲಸ ಹೋಗುವುದಿಲ್ಲ. ದಹನದಲ್ಲಿ ಹುಟ್ಟುವ ನೈಟ್ರೋಜನ್ ಆಕ್ಸೈಡುಗಳು ನೀರೊಡನೆ ಕೂಡಿ ಆಮ್ಲಗಳಾಗುವುವು. ಇವನ್ನು ಶಮನಗೊಳಿಸಲೆಂದೇ ಎಣ್ಣೆಯಲ್ಲಿ ಕ್ಯಾಲ್ಸಿಯಂ ಮೊದಲಾದವುಗಳ ಕ್ಷಾರೀಯ ಲವಣಗಳನ್ನು ಬೆರೆಸಿರುವರು. ಈ ಸಂಗ್ರಹವನ್ನು ಅಳೆಯುವ ಕ್ಷಾರಸಂಖ್ಯೆ ಪೆಟ್ರೋಲು ಇಂಜಿನ್ನಿನ ಹೊಸ ಎಣ್ಣೆಯಲ್ಲಿ ಸಾಮಾನ್ಯವಾಗಿ 6ರಿಂದ 10ರ ಆಸುಪಾಸಿನಲ್ಲಿರುವುದು, ಮತ್ತು ಒಮ್ಮೆ ವ್ಯಯವಾದದ್ದು ಎಷ್ಟು ಕಾಸಿದರೂ ಮರಳದು. ಹಿಂದಿನ ತಲೆಮಾರಿನವರು ಮೂರು ತಿಂಗಳಿಗೊಮ್ಮೆ ಎಣ್ಣೆ ಬದಲಿಸಬೇಕೆನ್ನುತ್ತಿದ್ದುದಕ್ಕೆ ಪೆಟ್ರೋಲಿನಲ್ಲಿ ಆಗ ಧಾರಾಳವಾಗಿದ್ದ ಗಂಧಕವೂ ಒಂದು ಆಧಾರವಾಗಿತ್ತು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಗೆ ಬಂದ ಬಿ.ಎಸ್. 6 ಇಂಧನದಲ್ಲಿ ಗಂಧಕದ ಮಿತಿ ದಶಲಕ್ಷಕ್ಕೆ 50 ಭಾಗದಿಂದ 10 ಭಾಗಕ್ಕೆ ಇಳಿದಿರುವುದರಿಂದ ಆ ಆಧಾರ ಈಗ ಬಹಳಮಟ್ಟಿಗೆ ಕುಸಿದಿದೆ. ಮೂರು ತಿಂಗಳ ನಿಯಮವನ್ನು ಇಂದೂ ಹಿಡಿದು ನಡೆಸುವುದು ಅಪವ್ಯಯವೆಂದೇ ನನ್ನ ಅಭಿಪ್ರಾಯ.

ಹೀಗಿರುವಲ್ಲಿ 'ಕಡಮೆ ಓಡುವ ಕಾರು' ಎಂಬ ಒಂದೇ ಹೆಸರಿನೊಳಗೆ ಎರಡು ಭಿನ್ನ ಜಾತಿಗಳು ಅಡಗಿವೆ. ತಿಂಗಳಿಗೊಮ್ಮೆ ನೂರು ಕಿಲೋಮೀಟರು ಎಡೆಬಿಡದೆ ಓಡುವ ಕಾರು ಪ್ರತಿಸಲವೂ ತನ್ನ ನೀರನ್ನು ತಾನೇ ಆರಿಸಿಕೊಳ್ಳುವುದು. ವಾರಕ್ಕೆ ನಾಲ್ಕು ಸಲ ಮೂರು ಮೂರು ಕಿಲೋಮೀಟರು ಓಡುವ ಕಾರು, ಒಟ್ಟು ದೂರ ಅದರ ಅರ್ಧವೇ ಆದರೂ, ಒಮ್ಮೆಯೂ ಕಾಯದೆ ಪ್ರತಿಸಲವೂ ನೀರನ್ನು ಕೂಡಿಸಿಟ್ಟುಕೊಳ್ಳುವುದು. ಮೀಟರು ಮೊದಲನೆಯದಕ್ಕೆ ಹೆಚ್ಚು ಅಂಕ ತೋರಿಸುವುದು. ಕೆಡುವುದು ಎರಡನೆಯದರ ಎಣ್ಣೆ. 2020ರ ಮಾರ್ಚಿ 25ರಂದು ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ, ಬ್ಯಾಟರಿ ಇಳಿಯದಿರಲೆಂದು ಎಷ್ಟೋ ಜನ ಕಾರನ್ನು ನಿಂತಲ್ಲಿಯೇ ಐದೈದು ನಿಮಿಷ ಸ್ಟಾರ್ಟ್ ಮಾಡಿ ಆರಿಸುತ್ತಿದ್ದರು. ಸ್ಟಾರ್ಟರು ಎಳೆದುಕೊಂಡ ವಿದ್ಯುತ್ತನ್ನು ಮರಳಿ ತುಂಬಲೂ ಅಷ್ಟು ಸಮಯ ಸಾಲದೆಹೋಗಬಹುದು. ಎಣ್ಣೆಗಂತೂ ಅದರಿಂದ ನೀರೂ ಪೆಟ್ರೋಲೂ ಸೇರಿದುವಲ್ಲದೆ ಬೇರೆ ಪ್ರಯೋಜನವಿಲ್ಲ. ಓಡಿಸುವುದಾದರೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಬೇಕು, ಇಲ್ಲವಾದರೆ ಮುಟ್ಟದೆ ಬಿಡಬೇಕು.

ತಿಂಗಳುಗಟ್ಟಲೆ ನಿಲ್ಲಿಸಿ ಹೋಗುವವರು ಎಣ್ಣೆಯನ್ನು ಮರಳಿ ಬಂದಮೇಲೆ ಬದಲಿಸುವ ರೂಢಿಯಿದೆ. ಇದು ವಿಪರೀತಕ್ರಮ. ಆಮ್ಲ ಕೂಡಿದ ಹಳೆಯ ಎಣ್ಣೆ ಬೇರಿಂಗುಗಳನ್ನು ತಬ್ಬಿ ತಿಂಗಳಾನುಗಟ್ಟಲೆ ಕೂರುವುದಕ್ಕೆ ಅವಕಾಶ ಕೊಡದೆ, ಹೊರಡುವ ಮೊದಲೇ, ಇಂಜಿನ್ ಚೆನ್ನಾಗಿ ಕಾದಿರುವಾಗ ಎಣ್ಣೆಯನ್ನು ಇಳಿಸಿ, ಫಿಲ್ಟರನ್ನೂ ಬದಲಿಸಿ, ಹೊಸತನ್ನು ತುಂಬಿಸಿ ಹೋಗುವುದು ಲೇಸು.

ನನ್ನ ನಿರ್ಣಯವಿಷ್ಟು: ದೂರದ ಓಟವನ್ನೇ ಕಾಣದ ಕಾರಿಗೆ, ವಿಶೇಷವಾಗಿ ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ, ಆರು ತಿಂಗಳಿಗೊಮ್ಮೆ; ಉಳಿದ ವಿರಳಚಾರಿ ಕಾರುಗಳಿಗೆ ವರ್ಷಕ್ಕೊಮ್ಮೆ. ವಾರಂಟಿ ಇರುವಷ್ಟು ಕಾಲ ಕೈಪಿಡಿಯ ಅವಧಿಯನ್ನು ಯಾರೂ ಮೀರತಕ್ಕದ್ದಲ್ಲ. ದಿನವನ್ನು ನೆನಪಿಡಲು ನಮ್ಮವರು ಬೇರೆ ಗುರುತನ್ನು ಹುಡುಕಬೇಕಾಗಿಲ್ಲ. ಮುಂಗಾರು ಮುಗಿದು ಎಣ್ಣೆಯಲ್ಲಿ ತೇವ ತುಂಬಿರುವ ಹೊತ್ತಿಗೆ ಸರಿಯಾಗಿ ಆಯುಧಪೂಜೆ ಬರುವುದು. ಕಾರನ್ನು ತೊಳೆದು ಹೂವೇರಿಸುವ ಹಿಂದಿನ ವಾರ ಅದರ ಎಣ್ಣೆಯನ್ನೂ ಬದಲಿಸಿರಿ, ಇಳಿಸಿದ ಎಣ್ಣೆಯನ್ನು ಚರಂಡಿಗೆ ಸುರಿಯಲು ಬಿಡಬೇಡಿರಿ.