ಅಕ್ಕಿಯ ಬೂಷ್ಟು ಮತ್ತು ಕಾಂಪ್ಯಾಕ್ಟಿನ್ನಿನ ಚರಿತ್ರೆ

ಸಿರುಗುಪ್ಪದ ಅಕ್ಕಿ ಗಿರಣಿಗಳಲ್ಲಿ ಬೂಷ್ಟು ಹಿಡಿದ ಧಾನ್ಯವೆಂದರೆ ನಷ್ಟವೆಂದೇ ಅರ್ಥ. ವಿಜಯನಗರದ ಕಾಲದ ಕಾಲುವೆಗಳಿಂದಲೂ 1953ರ ಅನಂತರ ತುಂಗಭದ್ರಾ ಜಲಾಶಯದ ನೀರಿನಿಂದಲೂ ಈ ಸೀಮೆಯಲ್ಲಿ, ಕುರುಗೋಡಿನ ಕಡೆಯಲ್ಲಿಯೂ, ನೆಲ್ಲು ಬೆಳೆಯುತ್ತ ಬಂದಿದೆ. ಒಣಗದ ಧಾನ್ಯವನ್ನು ಮೂಟೆ ಕಟ್ಟಬಾರದೆಂಬುದು ಇಲ್ಲಿ ಯಾರೂ ಕಲಿಸಬೇಕಾದ ಪಾಠವಲ್ಲ. ಆದರೆ ಜಪಾನಿನ ಕ್ಯೋಟೋ ನಗರದ ಧಾನ್ಯದಂಗಡಿಯೊಂದರ ಅಕ್ಕಿಯಲ್ಲಿ ದೊರೆತ ಪೆನಿಸಿಲಿಯಂ ಸಿಟ್ರಿನಂ ಎಂಬ ಬೂಷ್ಟು ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಸ್ಥಾನ ಪಡೆಯಿತು.

ಸಾಂಕ್ಯೋ ಔಷಧ ಸಂಸ್ಥೆಯ ಅಕಿರಾ ಎಂಡೊ 1971ರಲ್ಲಿ ಈ ಶೋಧವನ್ನು ಆರಂಭಿಸಿದರು. ಕೊಲೆಸ್ಟರಾಲಿನಂತಹ ದ್ರವ್ಯಗಳಿಲ್ಲದೆ ಬದುಕಲಾರದ ಸೂಕ್ಷ್ಮಜೀವಿಗಳನ್ನು ಎದುರಿಸಲು ಕೆಲವು ಶಿಲೀಂಧ್ರಗಳು ಅವುಗಳ ತಯಾರಿಕೆಯನ್ನೇ ತಡೆಯುವ ವಸ್ತುವನ್ನು ಸೃಜಿಸುತ್ತಿರಬೇಕೆಂಬುದು ಅವರ ಊಹೆ. ಸುಮಾರು 6,000 ತಳಿಗಳನ್ನು ಪರೀಕ್ಷಿಸಿದ ಮೇಲೆ 1973ರಲ್ಲಿ ಕಾಂಪ್ಯಾಕ್ಟಿನ್ ದೊರೆಯಿತು. ಮೆವಾಸ್ಟಾಟಿನ್ ಎಂಬುದು ಇದರ ಇನ್ನೊಂದು ಹೆಸರು. ಯಕೃತ್ತು ಕೊಲೆಸ್ಟರಾಲನ್ನು ಕಟ್ಟುವಾಗ ಮುಖ್ಯ ಮೆಟ್ಟಿಲಾದ ಒಂದು ಕಿಣ್ವವನ್ನು ಅದು ಹಿಡಿದು ನಿಲ್ಲಿಸುತ್ತದೆ.

ಇಷ್ಟರಿಂದ ಜಯವಾಗಲಿಲ್ಲ. ಇಲಿಗಳಿಗೆ ಕೊಟ್ಟಾಗ ರಕ್ತದ ಕೊಲೆಸ್ಟರಾಲು ಇಳಿಯಲೇ ಇಲ್ಲ. ಔಷಧವು ನಿಷ್ಫಲವೆಂದು ಕಡತ ಮುಚ್ಚಬಹುದಾಗಿದ್ದ ಘಟ್ಟವದು. 1976ರಲ್ಲಿ ಮೊಟ್ಟೆಯಿಡುವ ಕೋಳಿಗಳ ಮೇಲೆ ಪ್ರಯೋಗಿಸಿದಾಗ ಫಲ ಸ್ಪಷ್ಟವಾಯಿತು. ಇಲಿಯ ಯಕೃತ್ತು ತಡೆಗೊಳಗಾದ ಕಿಣ್ವವನ್ನೇ ಹಲವು ಪಟ್ಟು ಹೆಚ್ಚಾಗಿ ತಯಾರಿಸಿ ಔಷಧವನ್ನು ಸೋಲಿಸುತ್ತಿತ್ತೆಂದು ಆಮೇಲೆ ತಿಳಿಯಿತು. ದೋಷ ವಸ್ತುವಿನದಲ್ಲ, ಸಾಕ್ಷಿಯದು. ಶಾಸನಗಳನ್ನು ಓದುವ ನಮಗೂ ಈ ತೊಡಕು ಅಪರಿಚಿತವಲ್ಲ. 1978ರಲ್ಲಿ ಒಸಾಕಾದಲ್ಲಿ ರೋಗಿಗಳಿಗೆ ಕೊಟ್ಟು ನೋಡಲಾಯಿತು. ಆದರೆ ನಾಯಿಗಳಲ್ಲಿ ಅರ್ಬುದ ಕಂಡಿತೆಂಬ ಶಂಕೆಯಿಂದ 1980ರಲ್ಲಿ ಸಂಸ್ಥೆ ಆ ಕಾರ್ಯವನ್ನೇ ಕೈಬಿಟ್ಟಿತು.

ಹೀಗೆ ಕಾಂಪ್ಯಾಕ್ಟಿನ್ ಮಾರುಕಟ್ಟೆಗೆ ಬರಲಿಲ್ಲ. ಪ್ರಯೋಗಶಾಲೆಯಲ್ಲಿ ಮಾತ್ರ ಉಳಿಯಿತು. 1985ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಬ್ರೌನ್ ಮತ್ತು ಗೋಲ್ಡ್‌ಸ್ಟೀನರ ಸಂಶೋಧನೆಯಲ್ಲಿ ಅದು ಉಪಕರಣವಾಗಿತ್ತು. 1987ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಲೋವಾಸ್ಟಾಟಿನ್ ಆಸ್ಪರ್ಜಿಲಸ್ ಟೆರಿಯಸ್ ಎಂಬ ಬೇರೊಂದು ಬೂಷ್ಟಿನದು. ಅದನ್ನು ಪಡೆದ ಮರ್ಕ್ ಸಂಸ್ಥೆಗೆ ಜಪಾನಿನ ಕೆಲಸದ ಪರಿಚಯವಿತ್ತು. ಮೊದಲ ಔಷಧವೆಂಬ ಕೀರ್ತಿ ಲೋವಾಸ್ಟಾಟಿನ್ನಿಗೆ ಸಂದಿತು. ದಾರಿ ತೋರಿದ್ದು ಕಾಂಪ್ಯಾಕ್ಟಿನ್ನೆಂಬುದನ್ನು ನಮ್ಮ ಪಠ್ಯಗಳು ಒಂದು ವಾಕ್ಯದಲ್ಲಾದರೂ ಹೇಳಬೇಕೆಂದು ನನ್ನ ಅಭಿಪ್ರಾಯ. ಎಂಡೊ ನೊಬೆಲ್ ಪಡೆಯದೆಯೇ 2024ರಲ್ಲಿ ತೀರಿಕೊಂಡರು.

ಕನ್ನಡನಾಡಿಗೂ ಈ ಚರಿತ್ರೆಯಲ್ಲಿ ಪಾಲುಂಟು. ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಶಿಲೀಂಧ್ರದಿಂದ ತಯಾರಿಸಿದ ಲೋವಾಸ್ಟಾಟಿನ್ನಿಗೆ 2001ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯ ಅಂಗೀಕಾರ ಪಡೆಯಿತು.

ಇದನ್ನು ಓದಿ ಬೂಷ್ಟಿನ ಅಕ್ಕಿ ಹೃದಯಕ್ಕೆ ಹಿತವೆಂದು ಯಾರೂ ಭಾವಿಸಬಾರದು. ಅದೇ ಪೆನಿಸಿಲಿಯಂ ಸಿಟ್ರಿನಂ ಮೂತ್ರಪಿಂಡಕ್ಕೆ ವಿಷವಾದ ಸಿಟ್ರಿನಿನ್ ಎಂಬುದನ್ನೂ ಉತ್ಪಾದಿಸುತ್ತದೆ. ಸಿರುಗುಪ್ಪದ ಗಿರಣಿಯವರ ಎಚ್ಚರಿಕೆಯೇ ಸರಿ. ಬಳ್ಳಾರಿಯ ಔಷಧದಂಗಡಿಗಳಲ್ಲಿ ಈಗ ದೊರೆಯುವ ಅಟೊರ್ವಾಸ್ಟಾಟಿನ್ ಪೂರ್ಣವಾಗಿ ರಸಾಯನ ವಿಧಾನದಿಂದಾದದ್ದು, ಬೂಷ್ಟಿನ ಹಂಗು ಅದಕ್ಕಿಲ್ಲ. ಆದರೆ ಕಿಣ್ವವನ್ನು ಹಿಡಿಯುವ ಅದರ ಭಾಗವು ಕಾಂಪ್ಯಾಕ್ಟಿನ್ನಿನ ಮಾದರಿಯದೇ.